ಬಳುವಳಿ ವಾಪಸ್

ನಮ್ಮೂರಿನಲ್ಲಿ ಮದುವೆಯಾಗುವವರಿಗೆ ಚಿನ್ನ ಬೆಳ್ಳಿಯ ಚಿಂತೆ ಇಲ್ಲ, ಬಳುವಳಿಯದೇ ಚಿಂತೆ. ಧಾರೆ ಮುಗಿದ ಮೇಲೆ ಗಂಡು ಹೆಣ್ಣು ಇಬ್ಬರೂ ಕೊಪ್ಪರಿಗೆಯ ನೀರಿನಲ್ಲಿ ಕೈ ಮುಳುಗಿಸಿ, ತಮ್ಮಲ್ಲಿರುವ ಗುಣಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ಮನಸ್ಸಿನಲ್ಲೇ ನೆನೆದು ಕೊಟ್ಟುಬಿಡಬೇಕು. ನೀರು ಒಂದು ಗಳಿಗೆ ಬೆಚ್ಚಗಾಗುತ್ತದೆ, ಅಷ್ಟೆ. ಆಮೇಲೆ ಕೊಟ್ಟದ್ದು ಕೊಟ್ಟವರ ಹತ್ತಿರ ಇರುವುದಿಲ್ಲ, ತೆಗೆದುಕೊಂಡವರ ಹತ್ತಿರ ಇರುತ್ತದೆ. ಏನು ಕೊಡುತ್ತೇನೆಂದು ಮುಂಚೆಯೇ ಬಾಯಿಬಿಟ್ಟರೆ ದಾಟುವುದಿಲ್ಲ. ಕಳಪೆಯದನ್ನು ಸಾಗಹಾಕೋಣವೆಂದರೂ ದಾಟುವುದಿಲ್ಲ. ಗಾಣದ ಮನೆಯವನೊಬ್ಬ ತನ್ನ ಗೊರಕೆಯನ್ನು ದಾಟಿಸಲು ಹೋಗಿ, ಊಟದ ಪಂಕ್ತಿ ಎದ್ದರೂ ತಣ್ಣೀರಿನಲ್ಲಿ ಕೈಯಿಟ್ಟುಕೊಂಡು ಕೂತಿದ್ದ. ಕೊನೆಗೆ ಅವರಮ್ಮ ಬಂದು ತಲೆಗೊಂದು ಮೊಟಕಿದ ಮೇಲೆ ತನ್ನ ಈಜನ್ನು ಕೊಟ್ಟು ಎದ್ದ.

ಹೊರಗಿನವರು ಬಂದರೆ ನಮ್ಮನ್ನು ನೋಡಿ ನಗುತ್ತಾರೆ. ನಕ್ಕುಕೊಳ್ಳಲಿ ಬಿಡಿ. ದರ್ಜಿ ನೀಲಕಂಠನ ಅಂಗಡಿಯಲ್ಲಿ ಮಿಷನ್ ತುಳಿಯುವವಳು ಅವನ ಹೆಂಡತಿ. ನೀಲಕಂಠ ಕಾಜಾ ಹಾಕಲೂ ಬಾರದೆ ಬಿದ್ದ ಗುಂಡಿ ಹುಡುಕಿಕೊಂಡು ನೆಲದ ಮೇಲೆ ಹರಿದಾಡುತ್ತಿರುತ್ತಾನೆ. ಲೆಕ್ಕದ ಮೇಷ್ಟರು ತಮ್ಮ ಲೆಕ್ಕವನ್ನು ಹೆಂಡತಿಗೆ ಕೊಟ್ಟಿದ್ದರಿಂದ ಆಕೆ ಶಾಲೆಯ ಕಿಟಕಿಯ ಆಚೆ ಕೂತು ಅವರೆಕಾಯಿ ಸುಲಿಯುತ್ತ ಉತ್ತರ ಹೇಳುತ್ತಾರೆ, ಮೇಷ್ಟರು ಬೋರ್ಡಿನ ಮೇಲೆ ಬರೆಯುತ್ತಾರೆ. ಬಸ್ ಕಂಡಕ್ಟರನಿಗೆ ಹೆಂಡತಿಯ ಕಂಠ ಬಂದಿದೆ; ಅವನು ಸ್ಟಾಪಿನ ಹೆಸರು ಕೂಗಿದರೆ ಇಳಿಯಬೇಕಾದವರು ಇಳಿಯುವುದನ್ನೇ ಮರೆಯುತ್ತಾರೆ. ನಮಗೆ ಇದೆಲ್ಲ ಅಭ್ಯಾಸ.

ನಾನು ಪಂಚಾಕ್ಷರಿ. ಆಗ ದೊಡ್ಡಬೀದಿಯ ಜವಳಿ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸ ನನ್ನದು. ಬಾಯಿ ಅಂದರೆ ಬಾಯಿ ಸ್ವಾಮಿ ನನ್ನದು! ಕರವಸ್ತ್ರ ಕೊಳ್ಳಲು ಬಂದವರು ಜಮಖಾನ ಹೊತ್ತುಕೊಂಡು ಹೋಗುತ್ತಿದ್ದರು, ಹೋಗುವಾಗ ನನಗೇ ಕೈಮುಗಿಯುತ್ತಿದ್ದರು. ಸರ್ವಮಂಗಳ ತನ್ನ ಚಿಕ್ಕಮ್ಮನ ಜೊತೆ ಯಾರದೋ ಮದುವೆಗೆ ಸೀರೆ ಆರಿಸಲು ಬಂದಳು. ಮೂರು ಮಾತಿನ ಹುಡುಗಿ. ಕೇಳಿದ್ದಕ್ಕೆ ಹೂಂ, ಬೇಡದ್ದಕ್ಕೆ ಊಹೂಂ, ಉಳಿದದ್ದಕ್ಕೆ ನೆಲ ನೋಡುವುದು. ನಾನೊಂದು ಹಸಿರು ಸೀರೆ ಬಿಚ್ಚಿ, "ಇದನ್ನ ನೇಯೋವಾಗ ನೇಕಾರನ ಹೆಂಡ್ತಿ ಮುನಿಸ್ಕೊಂಡು ತವರಿಗೆ ಹೋಗ್ಬಿಟ್ಟಿದ್ಲು ಕಣಮ್ಮ, ಅದಕ್ಕೇ ಇಲ್ಲಿ ಅಂಚು ಸ್ವಲ್ಪ ಸೊಟ್ಟ. ಈಗ ಸೆರಗು ನೋಡಿ, ಅವಳು ವಾಪಸ್ ಬಂದಿದ್ದು ಇಲ್ಲೇ," ಅಂದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಇನ್ನೊಂದು ಬಿಚ್ಚಿ, ಇನ್ನೊಂದು ಬಿಚ್ಚಿ, ಅಂಗಡಿಯ ತುಂಬ ಸೀರೆ ಹರಡಿದೆ. ಕೊನೆಗೆ ಕೊಂಡದ್ದು ಆ ಸೊಟ್ಟ ಅಂಚಿನದನ್ನೇ.

ಅದನ್ನು ಮನೆಗೆ ತಲುಪಿಸುವ ನೆಪದಲ್ಲಿ ನಾನೇ ಹೋದೆ. ಅವಳ ಅಪ್ಪ ಊಟದ ಹೊತ್ತು, ಹಾಗೇ ಹೋಗಬಾರದು ಎಂದು ಎಲೆ ಹಾಕಿಸಿ ಕೂರಿಸಿದರು. ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ. ಮಾಡಿದವಳು ಮಂಗಳ. ಮೊದಲನೇ ತುತ್ತಿಗೆ ನನ್ನ ಮಾತು ನಿಂತುಹೋಯಿತು. "ಯಾಕ್ರೀ, ಇಷ್ಟ್ ಹೊತ್ತು ಪಟಪಟ ಅಂತಿದ್ರಿ, ಖಾರ ಆಯ್ತಾ?" ಎಂದರು ಅವರಪ್ಪ. ನಾನು ನುಂಗಿಕೊಂಡು, "ಹೆಣ್ಣು ಕೊಡ್ತೀರಾ ಯಜಮಾನ್ರೇ?" ಎಂದು ಕೇಳಿಬಿಟ್ಟೆ. ಒಳಗೆ ಏನೋ ಪಾತ್ರೆ ಕೈತಪ್ಪಿ ಬಿದ್ದ ಸದ್ದಾಯಿತು.

ಮದುವೆಯ ದಿನ ಕೊಪ್ಪರಿಗೆಯಲ್ಲಿ ಕೈಯಿಟ್ಟಾಗ ನಾನು ಏನೂ ಯೋಚನೆ ಮಾಡಬೇಕಾಗಿರಲಿಲ್ಲ. ಅವಳು ಮೆಚ್ಚಿದ್ದು ನನ್ನ ಮಾತನ್ನು. ಮೆಚ್ಚಿದ್ದನ್ನು ಬಿಟ್ಟು ಮತ್ತೇನನ್ನು ಕೊಡಲಿ? ಕೊಟ್ಟುಬಿಟ್ಟೆ. ಅವಳೂ ಅದೇ ಲೆಕ್ಕ ಹಾಕಿದ್ದಳು. ಈ ಗಂಡಸಿಗೆ ನನ್ನ ಕೈರುಚಿ ಎಂದರೆ ಪ್ರಾಣ, ಅವನಿಗೇ ಇರಲಿ ಎಂದು ಕೊಟ್ಟಳು. ನೀರು ಬೆಚ್ಚಗಾಯಿತು. ಎಲ್ಲರೂ ಅಕ್ಷತೆ ಹಾಕಿದರು.

ಮಾರನೆಯ ಬೆಳಗ್ಗೆ ಅವಳು ಮಾಡಿದ ಸಾರು ಕೈ ತೊಳೆದ ನೀರಿನ ಹಾಗಿತ್ತು. ನಾನು ಅಂಗಡಿಗೆ ಹೋಗಿ ಗಿರಾಕಿಯ ಮುಂದೆ ಸೀರೆ ಬಿಚ್ಚಿ, "ಇದು ಸೀರೆ," ಎಂದೆ. ಅದರ ಮುಂದೆ ಒಂದಕ್ಷರ ಹೊರಡಲಿಲ್ಲ. ಗಂಟಲಿನವರೆಗೆ ಎಲ್ಲ ಬರುತ್ತದೆ ಸ್ವಾಮಿ, ಅಲ್ಲಿಗೇ ನಿಲ್ಲುತ್ತದೆ. ಮನೆಗೆ ಬಂದರೆ ಮಂಗಳ ಬಾಗಿಲಲ್ಲಿ ನಿಂತು ಸೊಪ್ಪಿನವಳ ಜೊತೆ ಮಾತಿಗಿಳಿದಿದ್ದಾಳೆ. ಸೊಪ್ಪಿನವಳು ಬುಟ್ಟಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ನನ್ನ ಮುಖ ಕಂಡದ್ದೇ ಮಂಗಳನಿಗೆ ಅರ್ಥವಾಯಿತು. "ಅಯ್ಯೋ, ಇದನ್ನ ಕೊಟ್ಬಿಟ್ರಾ? ಇದಕ್ಕೇ ಅಲ್ವೇನ್ರೀ ನಾನು ನಿಮ್ಮನ್ನ ಕಟ್ಕೊಂಡಿದ್ದು!" ಎಂದು ನಗಲು ಶುರುಮಾಡಿ, ನಕ್ಕು ನಕ್ಕು, ಅದು ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ. ನನಗೂ ಹೇಳಬೇಕೆನಿಸಿತು. ಬಂದದ್ದು "ಹೂಂ" ಒಂದೇ.

ಕೊಟ್ಟ ಬಳುವಳಿ ವಾಪಸಾಗಬೇಕಾದರೆ ಒಂದೇ ದಾರಿ. ಗಂಡ ಹೆಂಡತಿ ಇಬ್ಬರೂ ಒಪ್ಪಿ, ಬಿಡುಗಡೆ ಕಟ್ಟೆಗೆ ಹೋಗಿ, ಸಂಬಂಧ ಕಳೆದುಕೊಂಡು ಬರಬೇಕು. ಮದುವೆಯಾದ ಮಾರನೆಯ ದಿನ ಅದನ್ನು ಯಾರು ಯೋಚಿಸುತ್ತಾರೆ? ಇದ್ದದ್ದರಲ್ಲಿ ಬದುಕು ಕಟ್ಟಿಕೊಂಡೆವು. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮೆಸ್ ತೆರೆದೆವು. ಒಳಗೆ ನಾನು, ಮುಂದೆ ಅವಳು. ನಾನು ಒಲೆಯ ಮೇಲಿಟ್ಟದ್ದೆಲ್ಲ ಅವಳ ತಾಯಿಯ ಮನೆಯ ರುಚಿಯಲ್ಲಿ ಇಳಿಯುತ್ತಿತ್ತು. ಅವಳು ಬಾಯಿಬಿಟ್ಟರೆ ದಾರಿಯಲ್ಲಿ ಹೋಗುವವನು ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದ. ಊರಿನವರು ನಮ್ಮಂಥ ಜೋಡಿ ಇಲ್ಲವೆಂದು ಹೊಗಳಿದರು. ಹೊಗಳುವವರಿಗೇನು, ಉಂಡು ಎದ್ದು ಹೋಗುತ್ತಾರೆ.

ಅಡುಗೆಮನೆಗೂ ಮುಂದಿನ ಪಡಸಾಲೆಗೂ ನಡುವೆ ಒಂದು ಮೋಟು ಗೋಡೆ. ಅದರ ಆಚೆಯಿಂದ ನನ್ನ ಮಾತೇ ನನಗೆ ಕೇಳಿಸುತ್ತಿತ್ತು. ನಾನಾದರೆ ಎಲ್ಲಿ ತಡೆಯುತ್ತಿದ್ದೆನೋ ಅಲ್ಲೇ ತಡೆದು, ನಾನಾದರೆ ಎಲ್ಲಿ ಕಣ್ಣು ಮಿಟುಕಿಸುತ್ತಿದ್ದೆನೋ ಅಲ್ಲೇ ದನಿ ಇಳಿಸಿ, ಯಾರು ಯಾರನ್ನೋ ನಗಿಸುತ್ತಿದ್ದಳು. ಮುದ್ದೆ ತಿರುವುತ್ತ ನಿಂತ ನನಗೆ ಹೊಟ್ಟೆ ಉರಿದುಹೋಗುತ್ತಿತ್ತು. ಮಧ್ಯಾಹ್ನದ ಗಲಾಟೆ ಮುಗಿದ ಮೇಲೆ ಒಳಗೆ ಬಂದು, ಮಣೆಯ ಮೇಲೆ ಕೂತು, "ಎಲ್ರ ಹತ್ರಾನೂ ಮಾತಾಡಿ ಮಾತಾಡಿ ದವಡೆ ನೋಯ್ತಿದೆ, ನೀವೊಂದು ಮಾತಾಡಿ ನೋಡೋಣ," ಎನ್ನುತ್ತಿದ್ದಳು. ನಾನು ಅವಳಿಗೆಂದೇ ತೆಗೆದಿಟ್ಟ ಮುದ್ದೆಯನ್ನು ಎಲೆಗೆ ಹಾಕುತ್ತಿದ್ದೆ. ಬೇಳೆಯ ಕಟ್ಟು ಸೋಸಿ ಅವಳಿಗಷ್ಟೇ ತೆಗೆದಿಟ್ಟ ಸಾರು, ಮೇಲೆ ಒಂದು ಮಿಳ್ಳೆ ತುಪ್ಪ. ಅವಳು ಮುನಿಸಿಕೊಂಡ ದಿನ ಗಸಗಸೆ ಪಾಯಸ. ಅವಳು ತಿನ್ನುತ್ತಿದ್ದಳು, ತಿಂದು ಸುಮ್ಮನೆ ಎಲೆ ನೋಡುತ್ತಿದ್ದಳು. ಒಂದು ಸಲ ಹೇಳಿಯೂ ಹೇಳಿದಳು: "ನಮ್ಮಮ್ಮನ ಕೈರುಚಿ ತಗೊಂಡೋಗಿ ನನಗೇ ಬಡಿಸ್ತೀರಿ. ಅದ್ರಲ್ಲಿ ನಿಮ್ಮದೇನಿದೆ ಹೇಳಿ?"

ಅದಕ್ಕೆ ಉತ್ತರ ನನ್ನ ಹತ್ತಿರ ಒಂದು ಗಾಡಿಯಷ್ಟಿತ್ತು. ಹೇಳುವುದಕ್ಕೆ ಬಾಯಿ ಅವಳ ಹತ್ತಿರ ಇತ್ತು.

ಹೀಗೆ ವರ್ಷಗಳು ಕಳೆದವು. ಮಕ್ಕಳಾಗಲಿಲ್ಲ. ಆಗಿದ್ದರೆ ಅವುಗಳ ಜೊತೆ ನಾನು ಏನು ಮಾತಾಡುತ್ತಿದ್ದೆನೋ. ಕೊನೆಗೆ ಒಂದು ಬೇಸಿಗೆಯ ಬೆಳಗ್ಗೆ ಅವಳ ಅಪ್ಪ ತೀರಿಕೊಂಡರು. ನಾನು ಓಡಿಹೋದೆ. ಪಡಸಾಲೆಯಲ್ಲಿ ಹೆಣ, ಪಕ್ಕದಲ್ಲಿ ಮಂಗಳ, ಸುತ್ತ ನೆಂಟರು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಮೊದಲ ದಿನ ಎಲೆ ಹಾಕಿಸಿ ಕೂರಿಸಿದ ಮನುಷ್ಯ ಸ್ವಾಮಿ ಅವರು, ನನ್ನನ್ನು ಮಗನಿಗಿಂತ ಹೆಚ್ಚಾಗಿ ಕಂಡವರು. ಎದೆಯಲ್ಲಿ ಏನೇನೋ ಕುದಿಯಿತು. ಅವಳ ಪಕ್ಕ ಕೂತು ತಲೆ ಸವರಬೇಕು, ನಾನಿದೀನಿ ಕಣೆ ಅನ್ನಬೇಕು. ಎಲ್ಲರೂ ನಾನೇನೋ ಹೇಳುತ್ತೇನೆಂದು ನೋಡುತ್ತಿದ್ದರು. ನಾನು ಬಾಯಿ ತೆರೆದು, "ಎಷ್ಟು ಜನ ಆಗ್ತಾರೆ?" ಎಂದೆ.

ಅಡುಗೆಗೆ ಕೇಳಿದ್ದು. ಬಂದವರೆಲ್ಲ ಊಟವಿಲ್ಲದೆ ಹೋಗಬಾರದಲ್ಲ, ಅದಕ್ಕೆ. ತಿಥಿ ಮುಗಿಯುವವರೆಗೆ ಬಂದವರಿಗೆಲ್ಲ ಒಬ್ಬನೇ ಬೇಯಿಸಿ ಹಾಕಿದೆ, ಬೆನ್ನು ನೆಟ್ಟಗಾಗದಷ್ಟು. ಎಲ್ಲ ಮುಗಿದ ದಿನ ಮಂಗಳ ನನ್ನ ಮುಂದೆ ನಿಂತು, ಅಳದೆ, ಕೂಗದೆ ಹೇಳಿದಳು: "ನಾನು ನಿಮ್ಮನ್ನ ಬೈಯಲ್ಲ. ಬೈದು ಬೈದು ನನಗೇ ಸಾಕಾಗಿದೆ. ಅಪ್ಪನ ಹೆಣದ ಮುಂದೆ ಎಷ್ಟು ಜನ ಅಂತ ಕೇಳಿದ್ರಲ್ಲ, ಆಗ ನನಗೆ ಗೊತ್ತಾಯ್ತು, ಈ ಮನುಷ್ಯನ ಒಳಗೆ ಏನೂ ಇಲ್ಲ ಅಂತ. ಇದ್ದಿದ್ರೆ ಅವತ್ತಾದ್ರೂ ಬರ್ತಿತ್ತು. ಬಿಡುಗಡೆ ಮಾಡ್ಕೊಳ್ಳೋಣ ರೀ."

ಮರುಗಳಿಗೆಯೇ ತಲೆಯಲ್ಲೊಂದು ಬೆಳಕು ಬಿತ್ತು ನೋಡಿ. ಬಿಡುಗಡೆಯಾದರೆ ಬಳುವಳಿ ವಾಪಸ್! ನನ್ನ ಬಾಯಿ ನನಗೆ ಬರುತ್ತದೆ. ಬಂದ ಕ್ಷಣ ಇಷ್ಟು ವರ್ಷ ಒಳಗೇ ಕೊಳೆತದ್ದನ್ನೆಲ್ಲ ಅವಳ ಮುಂದೆ ಹೇಳಿಬಿಡುತ್ತೇನೆ. ಕೇಳಿದ ಮೇಲೆ ಹೋಗುವವಳಲ್ಲ ಅವಳು. ಬಿಡುಗಡೆಯಾದವರು ಮತ್ತೆ ಒಂದೇ ಸೂರಿನಡಿ ಇರಬಾರದೆಂಬ ಕಟ್ಟಳೆಯೇನೂ ನಮ್ಮೂರಿನಲ್ಲಿಲ್ಲ; ಸುಣ್ಣದ ಭಟ್ಟಿಯವರು ಹಾಗೆಯೇ ಇದ್ದಾರೆ, ಅವರವರ ಗುಣ ಅವರವರ ಹತ್ತಿರ ಇಟ್ಟುಕೊಂಡು. ಹೆಂಡತಿಯನ್ನು ಉಳಿಸಿಕೊಳ್ಳಲು ಹೆಂಡತಿಯನ್ನು ಬಿಡುವುದೊಂದೇ ದಾರಿ ಎಂದು ನನಗೆ ಖಾತ್ರಿಯಾಯಿತು. ಇದನ್ನು ಅವಳಿಗೆ ತಿಳಿಸಬೇಕಿತ್ತು, ತಿಳಿಸಲಾಗಲಿಲ್ಲ. "ಆಯ್ತು," ಎಂದೆ. ಅಷ್ಟು ಬೇಗ ಒಪ್ಪುತ್ತೇನೆಂದು ಅವಳು ಎಣಿಸಿರಲಿಲ್ಲವೇನೋ. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಬಿಡುಗಡೆ ಕಟ್ಟೆಯನ್ನು ನೋಡಿಕೊಳ್ಳುವವರು ರುದ್ರಾಣಮ್ಮ. ಗಂಡನ ತಾಳ್ಮೆ ಅವರಿಗೆ ಬಳುವಳಿಯಾಗಿ ಬಂದಿರುವುದರಿಂದ ಎಂಥ ಜಗಳವನ್ನೂ ಎಲೆಯಡಿಕೆ ಮೆಲ್ಲುತ್ತ ಕೇಳುತ್ತಾರೆ. ಗಂಡ ವೀರಣ್ಣ ಮಾತ್ರ ತಾಳ್ಮೆಯೆಲ್ಲ ಕಳೆದುಕೊಂಡು, ಹೊರಗೆ ಮೆಟ್ಟಿಲ ಮೇಲೆ ಕೂತು ಕಾಗೆಯಿಂದ ಹಿಡಿದು ಗಾಳಿಯವರೆಗೆ ಎಲ್ಲದಕ್ಕೂ ರೇಗುತ್ತಿರುತ್ತಾರೆ.

ಒಪ್ಪಂದ ಬೇಗ ಬೇಗ ಸಾಗಿತು. ಕೈರುಚಿ ಅವಳಿಗೆ ಹೋಗುವುದರಿಂದ ಮೆಸ್ ಅವಳಿಗೇ ಇರಲಿ ಎಂದರು ರುದ್ರಾಣಮ್ಮ. ತಲೆಯಾಡಿಸಿದೆ. ಮೆಸ್ಸಿನ ಹಿಂದಿನ ಕೋಣೆ, ಹಂಡೆ, ಕೊಳದಪ್ಪಲೆ ಅವಳಿಗೆ. ತಲೆಯಾಡಿಸಿದೆ. ಆಗ ಮಂಗಳ, "ರುಬ್ಬುಗುಂಡೂ ನನಗೇ ಬೇಕು," ಎಂದಳು. ಆ ಒರಳುಕಲ್ಲು ನಾನು ಹುಡುಕಿ ತಂದದ್ದು, ನನ್ನ ಅಂಗೈ ಸವೆದು ಅದರ ಗುಂಡು ನುಣ್ಣಗಾದದ್ದು. ಅವಳಿಗೂ ಅದು ಗೊತ್ತು. ಕೇಳಿ, ನನ್ನ ಮುಖವನ್ನೇ ನೋಡುತ್ತ ಕೂತಳು. ನಾನು ಅದಕ್ಕೂ ತಲೆಯಾಡಿಸಿದೆ. ಯಾವ ಕಲ್ಲಾದರೇನು, ನಾಳೆ ಎಲ್ಲ ಒಂದೇ ಮನೆಗೆ ಬರುವುದು ತಾನೇ?

"ಏನಪ್ಪ ಪಂಚಾಕ್ಷರಿ, ಎಲ್ಲದಕ್ಕೂ ಹೀಗೆ ತಲೆ ಆಡಿಸಿದ್ರೆ ಹೆಂಗೆ? ನಿನಗೆ ಅಂತ ಏನೂ ಬೇಡ್ವಾ?" ಎಂದರು ರುದ್ರಾಣಮ್ಮ.

"ನೋಡಿದ್ರಾ ಅಮ್ಮ?" ಮಂಗಳ ಅವರ ಕಡೆ ತಿರುಗಿದಳು. "ಅಂಗಡಿ ಹೋಯ್ತು, ಹೂಂ. ಒರಳು ಹೋಯ್ತು, ಹೂಂ. ಹೆಂಡ್ತಿ ಹೋದ್ಲು, ಅದಕ್ಕೂ ಹೂಂ. ಒಂದಕ್ಕಾದ್ರೂ ಯಾಕೆ ಅಂತ ಕೇಳಿದ್ರೆ ನಾನು ಇಲ್ಲಿಂದ ಎದ್ದು ಹೋಗ್ಬಿಡ್ತಿದ್ದೆ ಕಣಮ್ಮ."

ರುದ್ರಾಣಮ್ಮ ಎಲೆಯಡಿಕೆ ಉಗಿದು ಬಂದು ಕೂತರು. ಇಬ್ಬರನ್ನೂ ನೋಡಿ, ದನಿ ತಗ್ಗಿಸಿ ಹೇಳಿದರು: "ಬಳುವಳಿ ವಾಪಸ್ ಮಾಡ್ಕೊಳ್ಳೇಬೇಕು ಅಂತೇನಿಲ್ಲ. ಸುಮಾರು ಜನ ಇರ್ಲಿ ಬಿಡಿ ಅಂತ ಹಂಗೇ ಹೋಗ್ತಾರೆ. ದೂರ ಆದ್ರೂ ಒಬ್ಬರದ್ದೊಂದು ಒಬ್ಬರ ಹತ್ರ ಇರುತ್ತೆ. ನೀವೇನಂತೀರಿ?"

ಮಂಗಳ ಬಳೆ ತಿರುಗಿಸುತ್ತ ಕೂತಿದ್ದಳು. ಆಮೇಲೆ, ಎಂದೂ ಇಲ್ಲದಷ್ಟು ಮೆಲ್ಲಗೆ, "ಅವ್ರೇ ಹೇಳ್ಲಿ," ಎಂದಳು. "ನನ್ನ ಹತ್ರ ಇರೋದು ಅವ್ರ ಬಾಯಿ. ಇರ್ಲಿ ಇಟ್ಕೋ ಅಂದ್ರೆ ಇಟ್ಕೊಂಡಿರ್ತೀನಿ."

ಕೇಳಿ ನನಗೆ ಜೀವವೇ ಹೋದಂತಾಯಿತು. ಇಟ್ಟುಕೊಂಡರೆ ನಾನು ಮಾತಾಡುವುದು ಹೇಗೆ? ಅಂಗಡಿ, ಒರಳು ಎಲ್ಲ ಬಿಟ್ಟುಕೊಟ್ಟದ್ದು ಯಾತಕ್ಕೆ? ಇದ್ದಬದ್ದ ಉಸಿರನ್ನೆಲ್ಲ ಎಳೆದುಕೊಂಡು, "ಬೇಕು!" ಎಂದೆ. ಕಟ್ಟೆಯ ಕಂಬಕ್ಕೆ ತಾಗಿ ದನಿ ತಿರುಗಿ ಬಂತು. ಅಷ್ಟು ಜೋರಾಗಿ ನಾನು ಒಂದು ಮಾತಾಡಿ ಎಷ್ಟು ವರ್ಷವಾಗಿತ್ತೋ.

ಅವಳ ಮುಖ ಸುಣ್ಣದಂತಾಯಿತು. "ಅದೊಂದು ಮಾತು ಮಾತ್ರ ಸಲೀಸಾಗಿ ಬಂತು ನೋಡಿ," ಎಂದಳು. ನನ್ನ ಬಾಯಿಂದ ಅವಳಾಡಿದ ಕೊನೆಯ ಮಾತು ಅದು. ಸೆರಗು ಸಿಕ್ಕಿಸಿಕೊಂಡು ನೀರು ತುಂಬಿದ ಕಲ್ಲುಬಾನಿಯ ಹತ್ತಿರ ನಡೆದಳು. ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತು ಹಿಂದಕ್ಕೆ ಕೈ ಚಾಚಿ ನೀರಿನಲ್ಲಿ ಮುಳುಗಿಸಿದೆವು. ನೀರು ಬೆಚ್ಚಗಾಗುವುದಕ್ಕೆ ಹೊತ್ತು ಹಿಡಿಯಿತು.

ಅಯ್ಯೋ, ಆ ಗಳಿಗೆಯನ್ನು ಹೇಗೆ ಹೇಳಲಿ! ನಾಲಿಗೆ ಹಗುರವಾಯಿತು. ಗಂಟಲಿನಲ್ಲಿ ಸಿಕ್ಕಿಕೊಂಡಿದ್ದದ್ದು ಕಿತ್ತುಬಂದಂತಾಯಿತು. ಕಣ್ಣಿಗೆ ಕಂಡದ್ದಕ್ಕೆಲ್ಲ ಮಾತು ಹುಟ್ಟುತ್ತಿದೆ. ಮಂಗಳ ಸೀರೆ ಸರಿಮಾಡಿಕೊಂಡು ಬರುವಷ್ಟರಲ್ಲಿ ಮಾತುಗಳನ್ನು ಜೋಡಿಸಿಕೊಳ್ಳೋಣವೆಂದು ಮೆಟ್ಟಿಲಿಗೆ ಬಂದೆ. ಅಲ್ಲಿ ವೀರಣ್ಣ, "ಯಾವನ್ರೀ ಅವ್ನು ನನ್ನ ಚಪ್ಪಲಿ ಮೇಲೆ ಚಪ್ಪಲಿ ಬಿಟ್ಟಿರೋನು!" ಎಂದು ಹಾರಾಡುತ್ತಿದ್ದರು. ನಾನು ಸುಮ್ಮನಿರಬೇಕಿತ್ತು. ಸುಮ್ಮನಿರಲು ಸಾಧ್ಯವೇ? ಹಸಿದವನ ಮುಂದೆ ಅನ್ನ ಇಟ್ಟ ಹಾಗೆ. "ಕೋಪ ಮಾಡ್ಕೋಬೇಡಿ ವೀರಣ್ಣೋರೇ, ನಾವಂತೂ ಜೋಡಿ ಮುರ್ಕೊಂಡ್ವಿ, ನಿಮ್ಮ ಚಪ್ಪಲಿಯಾದ್ರೂ ಜೋಡಿಯಾಗಿರ್ಲಿ!" ಎಂದೆ. ಸರದಿಗೆ ಕಾದು ಕೂತಿದ್ದವರೆಲ್ಲ ಗೊಳ್ಳೆಂದರು. ವೀರಣ್ಣನೇ ನಕ್ಕುಬಿಟ್ಟರು. ನಗು ಕೇಳಿ ನನಗೆ ಮೈಯೆಲ್ಲ ಜುಮ್ಮೆಂದಿತು. ಇನ್ನೊಂದು ಬಿಟ್ಟೆ, ಮತ್ತೊಂದು ಬಿಟ್ಟೆ. ತಿರುಗಿ ನೋಡಿದರೆ ಮಂಗಳ ನನ್ನ ಹಿಂದೆಯೇ ನಿಂತಿದ್ದಾಳೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಪಕ್ಕದಿಂದ ಇಳಿದು ಹೊರಟಳು.

ಓಡಿಹೋಗಿ ತಡೆಯಬೇಕಿತ್ತು, ನಿಜ. ಆದರೆ ನೀವೇ ಹೇಳಿ, ಬೀದಿಯಲ್ಲಿ ನಿಂತು ಆಡುವ ಮಾತೇ ಅದು? ಇಷ್ಟು ವರ್ಷ ಕಾದದ್ದನ್ನು ಅರೆಬರೆ ಹೇಳಿ ಕೆಡಿಸಬೇಕೇ? ಚೆನ್ನಾಗಿ ಹೇಳೋಣ, ಅವಳು ಮೆಚ್ಚಿದ ಆ ಹಳೆಯ ಪಂಚಾಕ್ಷರಿಯ ಹಾಗೆ ಹೇಳೋಣ, ಅದಕ್ಕೆ ಒಂದೆರಡು ದಿನ ಬೇಕು ಎಂದುಕೊಂಡೆ. ಜವಳಿ ಅಂಗಡಿಯವರು ಕೈ ಹಿಡಿದು ಕರೆದು ಕೂರಿಸಿಕೊಂಡರು. ಟೀ ಅಂಗಡಿಯಲ್ಲಿ ನನ್ನ ಸುತ್ತ ಬೆಂಚು ತುಂಬಿತು. ಮಂಗಳನಿಗೆ ಹೇಳಬೇಕಾದದ್ದನ್ನು ಮೊದಲು ಅಲ್ಲಿ ಹೇಳಿ ನೋಡಿದೆ, ಹೇಗೆ ಕೇಳಿಸುತ್ತದೋ ಎಂದು. ಟೀ ಸೋಸುವವನು ಸೋಸುವುದನ್ನು ಬಿಟ್ಟು ಕಣ್ಣೊರೆಸಿಕೊಂಡ. ಕ್ಷೌರದ ಗಂಗಣ್ಣ, "ಅದೇ, ಅವರಪ್ಪ ಸತ್ತಾಗ ಒಲೆ ಮುಂದೆ ಅತ್ತಿದ್ದು, ಅದನ್ನ ಕೊನೇಲಿ ಇಡಿ ಪಂಚಾಕ್ಷರಿ, ಕಲ್ಲೂ ಕರಗುತ್ತೆ," ಎಂದು ಸಲಹೆ ಕೊಟ್ಟ. ಮಾರನೆಯ ದಿನ ಕೊನೆಯಲ್ಲಿಟ್ಟು ಹೇಳಿದೆ. ಹೌದು, ಹೆಚ್ಚು ಜನ ಅತ್ತರು. ಕೇಳದಿದ್ದವರು ಕೇಳಿದವರನ್ನು ಕಂಡು, ನಮಗೂ ಹೇಳಿ ಎಂದು ಬಂದರು. ಹೀಗೆ ಬೇಸಿಗೆ ಮುಗಿದು ಮೋಡವಾಯಿತು. ಊರಿನಲ್ಲಿ ನನ್ನ ಮಾತು ಕೇಳದೆ ಉಳಿದವಳು ಮಂಗಳ ಒಬ್ಬಳೇ.

ಕೊನೆಗೆ ಒಂದು ದಿನ ಮಧ್ಯಾಹ್ನ, ಪಂಕ್ತಿಯೆಲ್ಲ ಎದ್ದ ಮೇಲೆ, ಒಗೆದ ಪಂಚೆಯುಟ್ಟು ಮೆಸ್ಸಿಗೆ ಹೋದೆ. ಎಷ್ಟು ಮೌನ ಸ್ವಾಮಿ ಆ ಜಾಗ! ಮುಂದೆ ಕೂಗಿ ಕರೆಯುವವರಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ಮಂಗಳ ನಿಂತಿದ್ದಳು. ಸೊರಗಿದ್ದಳು. ಜವಳಿ ಅಂಗಡಿಗೆ ಬಂದ ದಿನ ನಿಂತ ಹಾಗೆಯೇ, ನೆಲ ನೋಡುತ್ತ ನಿಂತಿದ್ದಳು.

ನಾನು ಹೇಳಿದೆ. ಒಂದನ್ನೂ ಬಿಡಲಿಲ್ಲ. "ಮಂಗಳ, ನನ್ನ ಒಳಗೆ ಏನೂ ಇಲ್ಲ ಅಂದೆಯಲ್ಲ, ತುಂಬಿ ತುಳುಕ್ತಿತ್ತು ಕಣೆ. ಬಾಯಿಗೆ ಬರ್ತಿರ್ಲಿಲ್ಲ. ಮಾತಿಲ್ಲದೋನು ಏನು ಮಾಡ್ತಾನೆ ಹೇಳು? ಕೈಯಲ್ಲಿ ಇದ್ದಿದ್ದನ್ನ ಎಲೆಗೆ ಹಾಕ್ತಾನೆ. ದಿನಾ ಮೊದಲನೇ ಮುದ್ದೆ ನಿನಗೆ ಅಂತ ಎತ್ತಿಡ್ತಿದ್ದೆ. ಅದು ಮುದ್ದೆ ಅಂದ್ಕೊಂಡ್ಯಾ? ಅದೇ ನನ್ನ ಮಾತು. ನೀನು ಮುನಿಸ್ಕೊಂಡಾಗ ಪಾಯಸ ಮಾಡ್ತಿದ್ದೆ, ಅದೇ ನಾನು ತಪ್ಪಾಯ್ತು ಅಂತಿದ್ದಿದ್ದು. ನಿಮ್ಮಪ್ಪ ಹೋದಾಗ ಎಷ್ಟು ಜನ ಅಂದೆ, ಹೌದು, ಅಂದೆ. ಆಮೇಲೆ ಅವ್ರಿಗೆ ಇಷ್ಟ ಅಂತ ಬಸ್ಸಾರಿಗೆ ಇಟ್ಟು, ಒಲೆ ಮುಂದೆ ಕೂತು ಹೊಗೆ ನೆಪದಲ್ಲಿ ಅತ್ತೆ. ಬಾಯಿ ವಾಪಸ್ ಬೇಕು ಅಂದಿದ್ದು ಇದನ್ನ ಹೇಳೋದಕ್ಕೆ. ಬಿಡುಗಡೆಗೆ ಒಪ್ಪಿದ್ದು ನಿನ್ನ ಬಿಡಬಾರದು ಅಂತ. ಈಗ ಹೇಳು, ವಾಪಸ್ ಬರ್ತೀಯಾ?"

ಹೊರಗೆ ಕಿಟಕಿಯ ಹತ್ತಿರ ಟೀ ಅಂಗಡಿಯ ಇಬ್ಬರು ಮೂವರು ನಿಂತಿದ್ದರು. ನಾನು ಕರೆದಿರಲಿಲ್ಲ, ಅವರಾಗಿಯೇ ಬಂದಿದ್ದರು. ಯಾರೋ ಮೂಗು ಸೀಟಿಕೊಂಡದ್ದು ಕೇಳಿಸಿತು. ಅಷ್ಟು ಚೆನ್ನಾಗಿ ನಾನು ಹಿಂದೆ ಎಂದೂ ಹೇಳಿರಲಿಲ್ಲ.

ಮಂಗಳ ತಲೆಯೆತ್ತಿದಳು. ಕಣ್ಣು ತುಂಬಿತ್ತು. ತುಟಿ ಅಲುಗಾಡಿತು, ಗಂಟಲು ಮೇಲೆ ಕೆಳಗೆ ಆಯಿತು. ನಾನು ಕಾದೆ. ಅವಳು ಕಿಟಕಿಯ ಕಡೆ ಒಮ್ಮೆ ನೋಡಿ, ತುಟಿ ಮುಚ್ಚಿ ಒಳಗೆ ಹೋದಳು. ಒಂದು ಎಲೆ ತಂದು ಹಾಸಿದಳು, ನೀರು ಚಿಮುಕಿಸಿ ಒರೆಸಿದಳು. ಮಣೆ ತಂದು ಇಟ್ಟಳು. ಕೂತೆ. ಕೂರಿಸಿ ಹೇಳುತ್ತಾಳೇನೋ ಎಂದುಕೊಂಡೆ. ಬಿಸಿ ಮುದ್ದೆ ತಂದಿಟ್ಟಳು. ಎಲ್ಲರಿಗೂ ಬಡಿಸಿ ಮುಗಿದ ಹೊತ್ತಿನಲ್ಲಿ ಅದನ್ನು ಎಲ್ಲಿ ಎತ್ತಿಟ್ಟಿದ್ದಳೋ. ಬಸ್ಸಾರು ಹುಯ್ದಳು, ತುಪ್ಪದ ಮಿಳ್ಳೆ ತಂದು ಬಗ್ಗಿಸಿದಳು, ಇನ್ನೂ ಬಗ್ಗಿಸಿದಳು. ಆಮೇಲೆ ಎದುರಿಗೆ ಕೂತು ನನ್ನ ಕೈಯನ್ನೇ ನೋಡತೊಡಗಿದಳು.

"ಮಂಗಳ, ನಾನು ಕೇಳಿದ್ದಕ್ಕೆ ಉತ್ತರ ಹೇಳು," ಎಂದೆ.

ಅವಳು ಸೌಟಿನಲ್ಲಿ ಇನ್ನಷ್ಟು ಸಾರು ಹಾಕಿದಳು.

ಸಿಟ್ಟು ನೆತ್ತಿಗೇರಿತು. ಏರದೆ ಇನ್ನೇನು? ಊರೇ ಅತ್ತ ಮಾತು ಸ್ವಾಮಿ ಅದು! ದಾರಿಹೋಕರು ಕೂಡ ಏನೋ ಒಂದು ಅನ್ನುತ್ತಿದ್ದರು, ಇವಳಿಗೆ ಒಂದು ಹೂಂ, ಒಂದು ಊಹೂಂ ಬರಬಾರದೇ? ಮನುಷ್ಯ ಎದೆ ಬಗೆದು ಮುಂದಿಟ್ಟರೆ ಹೀಗೆ ಕಲ್ಲಿನಂತೆ ಕೂರುವುದೇ? ಹಾಗೆಂದು ಅವಳ ಮುಖಕ್ಕೇ ಕೇಳಿದೆ. ಇನ್ನೂ ಏನೇನೋ ಅಂದೆ. ಬಾಯಿ ಅವಳ ಹತ್ತಿರ ಅಷ್ಟು ವರ್ಷ ಇದ್ದು ಬಂದದ್ದಲ್ಲವೇ, ಬೈಗುಳವೂ ಹರಿತವಾಗಿಯೇ ಬಂತು. ನಿನಗೆ ಮನಸ್ಸೇ ಇಲ್ಲ, ಇದ್ದದ್ದು ನನ್ನ ನಾಲಿಗೆ ಮಾತ್ರ, ಅದು ಹೋದ ಮೇಲೆ ನಿನ್ನಲ್ಲಿ ಉಳಿದದ್ದಾದರೂ ಏನು ಎಂದು ಕೇಳಿದೆ. ಅವಳು ಕೂತೇ ಇದ್ದಳು, ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾನು ಎಲೆ ಮುಟ್ಟದೆ ಎದ್ದೆ.

ಬಾಗಿಲು ದಾಟಿ ಚಪ್ಪಲಿ ಮೆಟ್ಟುತ್ತಿದ್ದೆ. ಹಿಂದಿನಿಂದ ದನಿ ಕೇಳಿಸಿತು. ಬಹಳ ಕಷ್ಟಪಟ್ಟು, ಎಲ್ಲಿಂದಲೋ ಕಿತ್ತು ತಂದಂಥ ದನಿ.

"ಆರೋಗುತ್ತೆ," ಎಂದಳು.

ಅಷ್ಟೇ. ಅದೊಂದೇ ಮಾತು. ನಾನು ಅಷ್ಟೆಲ್ಲ ಹೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ಅದು, ಕೇಳಿ. ಸಾರು ಆರುತ್ತದೆಂಬ ಚಿಂತೆ ಅವಳಿಗೆ! ತಿರುಗಿಯೂ ನೋಡದೆ ಮೆಟ್ಟಿಲಿಳಿದು ಬಂದುಬಿಟ್ಟೆ. ಟೀ ಅಂಗಡಿಯಲ್ಲಿ ಆಗಲೇ ಬೆಂಚು ತುಂಬಿತ್ತು. ಏನಂದಳು, ಏನಂದಳು ಎಂದು ಎಲ್ಲರೂ ಕೇಳಿದರು. ಕೂತು ಮೊದಲಿನಿಂದ ಹೇಳಿದೆ.